ಮೂಕಿಗೂ ಟಾಕಿಗೂ ನಡುವಿನ ಪ್ರೇಮಚಿತ್ರಗಳು: ಯಾವುದು ಮೊದಲು, ಯಾವ ಪ್ರಿಂಟಿನಲ್ಲಿ?

ಮೂಕಿ ಮುಗಿದು ಟಾಕಿ ಶುರುವಾದ ಹೊತ್ತಿನ ಒಂದು ಪ್ರೇಮಕಥೆ ನೋಡಬೇಕು ಎಂದು ಹೊರಟವರಿಗೆ ಮೊದಲು ಸಿಗುವ ಹೆಸರು ‘ಸನ್‌ರೈಸ್’. ಅದರ ಬೆನ್ನಿಗೇ ‘ಸೆವೆಂತ್ ಹೆವನ್’, ‘ಲೋನ್ಸಮ್’, ‘ಲಕ್ಕಿ ಸ್ಟಾರ್’, ‘ಸಿಟಿ ಗರ್ಲ್’ ಬರುತ್ತವೆ. ಐದೂ 1927ರಿಂದ 1930ರೊಳಗೆ ಅಮೆರಿಕದಲ್ಲಿ ತೆರೆಕಂಡವು. ಐದರಲ್ಲೂ ಒಂದು ಗಂಡು, ಒಂದು ಹೆಣ್ಣು, ಬಡತನವೋ ಒಂಟಿತನವೋ, ನಡುವೆ ಒಂದು ಗಂಡಾಂತರ. ಕಥಾಸಾರ ಓದಿ ಆರಿಸಲು ಕೂತರೆ ತಲೆ ಕೆಡುತ್ತದೆ, ಏಕೆಂದರೆ ಎಲ್ಲವೂ ಒಂದೇ ಥರ ಕೇಳಿಸುತ್ತವೆ. ಚಿತ್ರದಲ್ಲಿ ಶಬ್ದ ಎಷ್ಟಿದೆ, ಅದು ಯಾವಾಗ ಸೇರಿತು, ಇವತ್ತು ಉಳಿದಿರುವುದು ಯಾವ ರೂಪ ಎಂದು ಕೇಳಿದಾಗ ಮಾತ್ರ ಅವು ಒಂದರಿಂದೊಂದು ಬೇರೆಯಾಗಿ ಕಾಣತೊಡಗುತ್ತವೆ.

ಆ ಮೂರು ವರ್ಷಗಳಲ್ಲಿ ಒಂದೇ ಚಿತ್ರ ಎರಡು ಮೂರು ರೂಪದಲ್ಲಿ ಹೊರಬರುತ್ತಿತ್ತು. ಧ್ವನಿಯಂತ್ರ ಕೂರಿಸಿದ ಥಿಯೇಟರಿಗೆ ಒಂದು, ಇನ್ನೂ ಕೂರಿಸದ ಊರಿನ ಥಿಯೇಟರಿಗೆ ಇನ್ನೊಂದು, ಹೊರದೇಶಕ್ಕೆ ಮತ್ತೊಂದು. ಹಾಗಾಗಿ ‘ಸನ್‌ರೈಸ್ ನೋಡಿದೆ’ ಎನ್ನುವ ಇಬ್ಬರು ನೋಡಿರುವುದು ಒಂದೇ ಆಗಿರಬೇಕೆಂದಿಲ್ಲ. ಚಿತ್ರ ಆರಿಸುವಷ್ಟೇ ಎಚ್ಚರದಿಂದ ಪ್ರಿಂಟನ್ನೂ ಆರಿಸಬೇಕು.

ಯಾವುದರಿಂದ ಅಳೆಯುವುದು

ಮೊದಲನೆಯದು ಶಬ್ದದ ಬಗೆ. ಮೂರು ಬಗೆ ಇವೆ. ಮಾತಿಲ್ಲದೆ, ಸಂಗೀತ ಮತ್ತು ಸದ್ದುಗಳನ್ನು ಮಾತ್ರ ಚಿತ್ರದ ಜೊತೆಗೇ ಮುದ್ರಿಸಿದ್ದು ಒಂದು. ಅಲ್ಲಲ್ಲಿ ಕೆಲವೇ ದೃಶ್ಯಗಳಲ್ಲಿ ಮಾತಿದ್ದು ಉಳಿದದ್ದೆಲ್ಲ ಮೂಕವಾಗಿರುವ ಅರೆ ಟಾಕಿ ಇನ್ನೊಂದು. ಧ್ವನಿಯ ಆವೃತ್ತಿ ಕಳೆದುಹೋಗಿ ಮೂಕ ಆವೃತ್ತಿ ಮಾತ್ರ ಉಳಿದಿರುವುದು ಮೂರನೆಯದು. ಇಂಥ ಚಿತ್ರಗಳಿಗೆ ಈಗ ಕೇಳುವ ಸಂಗೀತ ನಮ್ಮ ಕಾಲದವರು ಹೊಸದಾಗಿ ಬರೆದದ್ದು. ಮೊದಲ ಬಗೆಯಲ್ಲಿ ಸಂಗೀತ ಚಿತ್ರದ ಅಂಗ, ಅದನ್ನು ತೆಗೆದು ಬೇರೆ ಹಾಕಿದರೆ ಚಿತ್ರ ಊನವಾಗುತ್ತದೆ. ಮೂರನೆಯದರಲ್ಲಿ ಆ ಕಟ್ಟುಪಾಡಿಲ್ಲ.

ಎರಡನೆಯದು ಚೌಕಟ್ಟು. ಮೂಕಚಿತ್ರದ ಫ್ರೇಮಿನ ಅಗಲ ಎತ್ತರದ 1.33 ಪಟ್ಟು. ಫಾಕ್ಸ್ ಕಂಪನಿಯ ಮೂವಿಟೋನ್ ಪದ್ಧತಿಯಲ್ಲಿ ಧ್ವನಿಯನ್ನು ಫಿಲ್ಮಿನ ಅಂಚಿನಲ್ಲೇ ಒಂದು ಪಟ್ಟಿಯಾಗಿ ಮುದ್ರಿಸುತ್ತಿದ್ದರು. ಆ ಪಟ್ಟಿ ಚಿತ್ರದ ಜಾಗವನ್ನೇ ತಿಂದದ್ದರಿಂದ ಅಗಲ ಸುಮಾರು 1.19 ಪಟ್ಟಿಗೆ ಇಳಿದು ಚಿತ್ರ ಹೆಚ್ಚುಕಡಿಮೆ ಚೌಕವಾಯಿತು. ವಾರ್ನರ್ ಕಂಪನಿಯ ವೈಟಾಫೋನ್‌ನಲ್ಲಿ ಧ್ವನಿ ಇದ್ದದ್ದು 16 ಅಂಗುಲದ ಬೇರೆ ತಟ್ಟೆಯ ಮೇಲೆ, ರೀಲಿಗೊಂದು ತಟ್ಟೆ, ನಿಮಿಷಕ್ಕೆ ಮೂವತ್ಮೂರೂ ಮೂರನೇ ಒಂದು ಸುತ್ತು. ಅಲ್ಲಿ ಚಿತ್ರದ ಅಗಲಕ್ಕೆ ಧಕ್ಕೆ ಇರಲಿಲ್ಲ, ಆದರೆ ಫಿಲ್ಮ್ ಹರಿದು ಅಂಟಿಸುವಾಗ ನಾಲ್ಕು ಫ್ರೇಮು ಹೋದರೂ ಅಲ್ಲಿಂದ ಮುಂದೆ ಮಾತು ತುಟಿಗೆ ಹೊಂದುತ್ತಿರಲಿಲ್ಲ. ಹೋದಷ್ಟೇ ಫ್ರೇಮುಗಳ ಕಪ್ಪು ಫಿಲ್ಮ್ ತುಂಡು ಸೇರಿಸಿ ಸರಿದೂಗಿಸಬೇಕಿತ್ತು.

ಇದು ನಮಗೆ ಏಕೆ ಮುಖ್ಯ ಎಂದರೆ, ಅಂತರ್ಜಾಲದಲ್ಲಿ ಪುಕ್ಕಟೆ ಸಿಗುವ ಎಷ್ಟೋ ಪ್ರತಿಗಳು ಹಾಳಾಗಿರುವುದು ಇಲ್ಲಿಯೇ. 1.19ರ ಚಿತ್ರವನ್ನು 1.33ಕ್ಕೆ ಹೊಂದಿಸಲು ಮೇಲೆ ಕೆಳಗೆ ಕತ್ತರಿಸಿದರೆ ಎತ್ತರದಲ್ಲಿ ಹತ್ತನೇ ಒಂದು ಭಾಗ ಹೋಗುತ್ತದೆ. ಸಮೀಪದ ದೃಶ್ಯದಲ್ಲಿ ಅದು ಹಣೆ ಮತ್ತು ಗಲ್ಲ. ಮೂಕಚಿತ್ರವನ್ನು ಪ್ರೊಜೆಕ್ಟರಿನ ಧ್ವನಿಚಿತ್ರದ ಕಿಂಡಿಯಲ್ಲಿ ಹಾಯಿಸಿದ್ದರೆ ಎಡಗಡೆಯ ಅಂಚು ಮಾಯ. ಯಾವ ಪ್ರತಿಯನ್ನಾದರೂ ಎರಡು ನಿಮಿಷ ಓಡಿಸಿ, ದೃಶ್ಯಗಳ ನಡುವೆ ಬರುವ ಬರಹದ ಫಲಕಗಳ ಅಕ್ಷರಗಳು ಎಡಬಲಕ್ಕೆ ಸಮನಾದ ಅಂಚು ಬಿಟ್ಟಿವೆಯೇ, ನಿಂತ ಮನುಷ್ಯರ ತಲೆಯ ಮೇಲೆ ಜಾಗವಿದೆಯೇ ನೋಡಿ. ಇಲ್ಲದಿದ್ದರೆ ಬೇರೆ ಪ್ರತಿ ಹುಡುಕಿ.

ವೇಗವನ್ನೂ ಇದರ ಜೊತೆಗೇ ನೋಡಬೇಕು. ಮೂವಿಟೋನ್ ಚಿತ್ರಗಳು ಸೆಕೆಂಡಿಗೆ 24 ಫ್ರೇಮಿನಂತೆ ಓಡಲೇಬೇಕು. ಮೂಕಚಿತ್ರಕ್ಕೆ ಅಂಥ ನಿಯಮ ಇರಲಿಲ್ಲ. 20 ಫ್ರೇಮಿನಲ್ಲಿ ಓಡಬೇಕಾದ 90 ನಿಮಿಷದ ಚಿತ್ರವನ್ನು 24ರಲ್ಲಿ ಓಡಿಸಿದರೆ ಅದು 75 ನಿಮಿಷಕ್ಕೆ ಮುಗಿಯುತ್ತದೆ, ಪ್ರೇಮಿಗಳು ಗೊಂಬೆಗಳಂತೆ ತಟತಟನೆ ಓಡಾಡುತ್ತಾರೆ. ಯುರೋಪಿನ ಪಾಲ್ ಎಂಬ ಟಿವಿ ಪದ್ಧತಿಯ ಡಿವಿಡಿಗಳು 25ರಲ್ಲಿ ಓಡುವುದರಿಂದ 95 ನಿಮಿಷದ್ದು 91 ಆಗುತ್ತದೆ. ಅಷ್ಟು ಕಣ್ಣಿಗೆ ತಿಳಿಯದು, ಆದರೆ ಸಂಗೀತದ ಶ್ರುತಿ ಏರಿರುತ್ತದೆ. ಸಂಗೀತ ಬಲ್ಲವರ ಕಿವಿಗೆ ಅದು ತಿಳಿದೇ ತಿಳಿಯುತ್ತದೆ.

ಉಳಿದವು ಮನೆಯ ಲೆಕ್ಕಗಳು: ಜೊತೆಗೆ ಕೂರುವವರು ಯಾರು, ತೆರೆಯ ಮೇಲಿನ ಇಂಗ್ಲಿಷ್ ಬರಹವನ್ನು ಎಷ್ಟು ಓದಬಲ್ಲರು, ಎಷ್ಟು ಹೊತ್ತು ಕೂರಬಲ್ಲರು, ಎಷ್ಟು ಖರ್ಚು ಮಾಡುತ್ತೀರಿ.

‘ಸನ್‌ರೈಸ್’

ಜರ್ಮನಿಯಿಂದ ಬಂದ ಎಫ್. ಡಬ್ಲ್ಯು. ಮುರ್ನೌ ಫಾಕ್ಸ್ ಕಂಪನಿಗೆ ಮಾಡಿದ ಮೊದಲ ಚಿತ್ರ. ನ್ಯೂಯಾರ್ಕಿನಲ್ಲಿ ತೆರೆಕಂಡದ್ದು 1927ರ ಸೆಪ್ಟೆಂಬರ್ 23ರಂದು. ಟಾಕಿ ಯುಗವನ್ನು ತೆರೆಯಿತು ಎನ್ನುವ ‘ದ ಜಾಝ್ ಸಿಂಗರ್’ ಬಂದದ್ದು ಇದಾದ ಎರಡು ವಾರಕ್ಕೆ, ಅಕ್ಟೋಬರ್ 6ರಂದು. ಹಳ್ಳಿಯ ಗಂಡಹೆಂಡತಿ, ಪಟ್ಟಣದಿಂದ ಬಂದ ಹೆಂಗಸು, ‘ಅವಳು ನೀರಿಗೆ ಬಿದ್ದು ಸಾಯಬಾರದೇಕೆ’ ಎಂದು ಗಂಡನಿಗೆ ಊದುವ ಕಿವಿಮಾತು. ಪಾತ್ರಗಳಿಗೆ ಹೆಸರಿಲ್ಲ. ಗಂಡನಾಗಿ ಜಾರ್ಜ್ ಓಬ್ರಿಯನ್, ಹೆಂಡತಿಯಾಗಿ ಜಾನೆಟ್ ಗೇನರ್.

ಬರಹದ ಫಲಕಗಳು ತೀರ ಕಡಿಮೆ. ಆ ಕಿವಿಮಾತಿನ ಫಲಕದಲ್ಲಿ ಅಕ್ಷರಗಳೇ ಕರಗಿ ಕೆಳಗಿಳಿದು ಮುಳುಗುತ್ತವೆ. ಇಂಗ್ಲಿಷ್ ಬಾರದ ಹಿರಿಯರು ಜೊತೆಗಿದ್ದರೆ ಇದಕ್ಕಿಂತ ಸಲೀಸಾದದ್ದು ಈ ಪಟ್ಟಿಯಲ್ಲಿ ಇಲ್ಲ. ಒಬ್ಬರು ಮೆಲ್ಲಗೆ ಕನ್ನಡದಲ್ಲಿ ಹೇಳುತ್ತಾ ಹೋದರೆ ಸಾಕು. ಆದರೆ ಮೊದಲ ಭಾಗ ಭಾರವಾಗಿದೆ. ಗಂಡ ಹೆಂಡತಿಯ ಮೇಲೆ ಎರಗಲು ಏಳುವ ದೋಣಿಯ ದೃಶ್ಯ ಎಳೆಯ ಮಕ್ಕಳಿಗಲ್ಲ. ಅವರು ಪಟ್ಟಣ ಸೇರಿದ ಮೇಲೆ ಚಿತ್ರ ಮತ್ತೆ ಉಸಿರಾಡುತ್ತದೆ. ಆ ತಿರುವಿನವರೆಗೆ ತಾಳ್ಮೆ ಬೇಕು.

ಇಲ್ಲಿ ನಿಜವಾದ ಆಯ್ಕೆ ಇರುವುದು ಎರಡು ಪ್ರಿಂಟುಗಳ ನಡುವೆ. ನ್ಯೂಜೆರ್ಸಿಯ ಲಿಟಲ್ ಫೆರಿಯಲ್ಲಿದ್ದ ಫಾಕ್ಸ್ ಉಗ್ರಾಣಕ್ಕೆ 1937ರ ಜುಲೈಯಲ್ಲಿ ಬೆಂಕಿ ಬಿದ್ದು ಮೂಲ ನೆಗೆಟಿವ್ ಸುಟ್ಟುಹೋಯಿತು. ಆಗ ಬಳಸುತ್ತಿದ್ದ ನೈಟ್ರೇಟ್ ಫಿಲ್ಮ್ ಒಮ್ಮೆ ಹೊತ್ತಿಕೊಂಡರೆ ನೀರು ಹಾಕಿದರೂ ಆರುವುದಿಲ್ಲ, ಉರಿಯಲು ಬೇಕಾದ ಆಮ್ಲಜನಕ ಅದರೊಳಗೇ ಇರುತ್ತದೆ. ಹೀಗಾಗಿ ಈಗ ಉಳಿದಿರುವ ಮೂವಿಟೋನ್ ಆವೃತ್ತಿ ಪ್ರತಿಯ ಪ್ರತಿ. ಸುಮಾರು 95 ನಿಮಿಷ, ಚೌಕ ಚಿತ್ರ, ಕೊಂಚ ಮಂಕು, ಆದರೆ 1927ರ ಧ್ವನಿಪಟ್ಟಿ ಪೂರ್ತಿ ಇದೆ. ಇನ್ನೊಂದು, ಜೆಕ್ ದೇಶದ ಸಂಗ್ರಹಾಲಯದಲ್ಲಿ ಸಿಕ್ಕ ಮೂಕ ಪ್ರಿಂಟು. ಸುಮಾರು 79 ನಿಮಿಷ, ಅಗಲ ಹೆಚ್ಚು, ಬಿಂಬ ಎದ್ದು ಕಾಣುವಷ್ಟು ಸ್ಪಷ್ಟ. ಫಲಕಗಳು ಜೆಕ್ ಭಾಷೆಯಲ್ಲಿರುವುದರಿಂದ ಕೆಳಗಿನ ಉಪಶೀರ್ಷಿಕೆ ಓದಬೇಕು.

ಮೊದಲ ಸಲ ನೋಡುವವರು ಸ್ಪಷ್ಟತೆಗೆ ಮರುಳಾಗಿ ಜೆಕ್ ಪ್ರಿಂಟು ಹಿಡಿಯಬಾರದು. ಬಿರುಗಾಳಿಯ ಇರುಳಿನಲ್ಲಿ ಗಂಡ ಹೆಂಡತಿಯನ್ನು ಕೂಗಿ ಕರೆಯುವಾಗ ಮೂವಿಟೋನ್ ಆವೃತ್ತಿಯಲ್ಲಿ ಮನುಷ್ಯನ ದನಿಯಿಲ್ಲ, ಅದರ ಜಾಗದಲ್ಲಿ ಒಂದು ಕೊಂಬಿನ ಕೂಗು ಏಳುತ್ತದೆ. ಮಾತೂ ಅಲ್ಲದ ಮೌನವೂ ಅಲ್ಲದ ಆ ದನಿ ಈ ಮೂರು ವರ್ಷಗಳಲ್ಲಿ ಮಾತ್ರ ಹುಟ್ಟಬಹುದಾಗಿದ್ದದ್ದು. ಅದನ್ನು ಕಳೆದುಕೊಂಡರೆ ಈ ಚಿತ್ರ ನೋಡಿದ ಅರ್ಧ ಫಲ ಹೋದಂತೆ. ಕ್ಯಾಮೆರಾ ಕೆಲಸ ಕಲಿಯುವವರು ಎರಡನೇ ಸಲಕ್ಕೆ ಜೆಕ್ ಪ್ರಿಂಟು ನೋಡಲಿ. ಚಾರ್ಲ್ಸ್ ರೋಷರ್ ಮತ್ತು ಕಾರ್ಲ್ ಸ್ಟ್ರಸ್ ಜೌಗಿನ ದೃಶ್ಯದಲ್ಲಿ ಮೇಲಿನ ಹಳಿಗೆ ತೂಗುಹಾಕಿದ ಕ್ಯಾಮೆರಾವನ್ನು ಹೇಗೆ ತಿರುಗಿಸಿದ್ದಾರೆ ಎಂಬುದು ಅದರಲ್ಲಿ ಚೆನ್ನಾಗಿ ತಿಳಿಯುತ್ತದೆ. ಮೊದಲ ಆಸ್ಕರ್‌ನಲ್ಲಿ ಛಾಯಾಗ್ರಹಣದ ಪ್ರಶಸ್ತಿ ಇವರಿಬ್ಬರಿಗೇ ಬಂತು.

‘ಸೆವೆಂತ್ ಹೆವನ್’

ಫ್ರಾಂಕ್ ಬೋರ್ಜೇಗಿಯ ಈ ಚಿತ್ರ 1927ರ ಮೇಯಲ್ಲಿ ಮುದ್ರಿತ ಧ್ವನಿಯಿಲ್ಲದೆ ಬಂತು, ಅದೇ ವರ್ಷ ಮೂವಿಟೋನ್ ಸಂಗೀತದೊಂದಿಗೆ ಮತ್ತೆ ಬಂತು. ಪ್ಯಾರಿಸ್ಸಿನ ಚರಂಡಿ ಕೆಲಸಗಾರ, ಅಕ್ಕನ ಏಟಿಗೆ ಬೆದರಿ ಬದುಕುವ ಹುಡುಗಿ, ಏಳನೇ ಮಹಡಿಯ ಒಂದು ಕೋಣೆ, ನಡುವೆ ಮೊದಲ ಮಹಾಯುದ್ಧ. ಇಬ್ಬರೂ ಮೆಟ್ಟಿಲು ಹತ್ತುವಾಗ ಕ್ಯಾಮೆರಾವೂ ಮಹಡಿ ಮಹಡಿಗೆ ಏರುವ ದೃಶ್ಯಕ್ಕಾಗಿಯೇ ನೋಡಬಹುದು. ಆದರೆ ಐದರಲ್ಲಿ ಹೆಚ್ಚು ಉದ್ದದ್ದು ಇದೇ, ಎರಡು ಗಂಟೆಗೆ ಹತ್ತಿರ. ಯುದ್ಧದ ಭಾಗ ಎಳೆದಂತಿದೆ. ಕಣ್ಣೀರು ತರಿಸುವ ಹಳೆಯ ಕನ್ನಡ ಚಿತ್ರಗಳನ್ನು ಮನಸಾರೆ ನೋಡುವವರಿಗೆ ಇದು ತಕ್ಕದ್ದು, ಉಳಿದವರು ಎರಡನೇ ಸುತ್ತಿಗೆ ಇಟ್ಟುಕೊಳ್ಳಲಿ.

‘ಲೋನ್ಸಮ್’

ಹಂಗೇರಿಯ ಪಾಲ್ ಫೆಯೊಶ್ ಯೂನಿವರ್ಸಲ್ ಕಂಪನಿಗೆ 1928ರಲ್ಲಿ ಮಾಡಿದ್ದು. 69 ನಿಮಿಷ ಮಾತ್ರ. ನ್ಯೂಯಾರ್ಕಿನಲ್ಲಿ ಟೆಲಿಫೋನ್ ಎಕ್ಸ್‌ಚೇಂಜಿನ ಹುಡುಗಿ, ಕಾರ್ಖಾನೆಯ ಹುಡುಗ; ಕೋನಿ ಐಲ್ಯಾಂಡಿನ ಜಾತ್ರೆಯಂಥ ಗದ್ದಲದಲ್ಲಿ ಒಬ್ಬರಿಗೊಬ್ಬರು ಸಿಕ್ಕಿ, ಅದೇ ಗದ್ದಲದಲ್ಲಿ ಕೈತಪ್ಪಿಹೋಗುತ್ತಾರೆ. ಕಥೆಯೆಲ್ಲ ಒಂದೇ ದಿನದ್ದು. ಊರು ಬಿಟ್ಟು ಬೆಂಗಳೂರಿನ ಪಿಜಿ ಕೋಣೆಯಲ್ಲಿ ಇರುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆ ಕಾಲದ ಬಿಕ್ಕಟ್ಟು ಕಣ್ಣೆದುರೇ ಕಾಣಬೇಕೆಂದರೆ ಈ ಚಿತ್ರವೇ ಸರಿ. ಮೂಕಚಿತ್ರವಾಗಿ ಮುಗಿದ ಮೇಲೆ ಇದಕ್ಕೆ ಮಾತಿನ ಮೂರು ಪುಟ್ಟ ದೃಶ್ಯಗಳನ್ನು ತೆಗೆದು ಸೇರಿಸಿದರು. ಅಲ್ಲಿಯವರೆಗೆ ಜನಜಂಗುಳಿಯ ನಡುವೆ ಹಾರಾಡುತ್ತಿದ್ದ ಕ್ಯಾಮೆರಾ ಮಾತು ಬಂದೊಡನೆ ಕಂಬದಂತೆ ನಿಲ್ಲುತ್ತದೆ. ಕಾರಣ ಸರಳ: ಕ್ಯಾಮೆರಾದ ಗರಗರ ಸದ್ದು ಮೈಕಿಗೆ ಸೇರದಿರಲು ಆಗ ಅದನ್ನು ಮುಚ್ಚಿದ ಗೂಡಿನೊಳಗೆ ಇಡುತ್ತಿದ್ದರು. ನಟರು ಮೈಕಿನ ಅಳವಿನಲ್ಲೇ ಇರಬೇಕಿತ್ತು, ಕದಲುವಂತಿರಲಿಲ್ಲ. ಮೊದಲ ಸಲ ನೋಡುವವರು ಪ್ರತಿಯೇ ಕೆಟ್ಟಿದೆ ಎಂದುಕೊಳ್ಳುತ್ತಾರೆ. ಕೆಟ್ಟಿಲ್ಲ, ಚಿತ್ರ ಇರುವುದೇ ಹಾಗೆ. ಬಾರ್ಬರಾ ಕೆಂಟ್ ಮತ್ತು ಗ್ಲೆನ್ ಟ್ರಯಾನ್ ಮೌನದಲ್ಲಿ ಆಡಿದ ಪ್ರೇಮ ಮಾತಿನಲ್ಲಿ ಪೇಲವವಾಗಿಬಿಡುತ್ತದೆ, ಆ ಮೂರು ದೃಶ್ಯಗಳನ್ನು ಸಹಿಸಿಕೊಂಡು ದಾಟಬೇಕು. ದಾಟಿದವರಿಗೆ ಇರುಳಿನ ಕೋನಿ ಐಲ್ಯಾಂಡಿನ ದೀಪಗಳು ಬಣ್ಣ ತಳೆದು ಕಾಯುತ್ತಿರುತ್ತವೆ.

ಇದರ ಬಣ್ಣವೇ ಪ್ರತಿಯ ಪರೀಕ್ಷೆ. ಪೂರ್ತಿ ಕಪ್ಪುಬಿಳುಪಾಗಿದ್ದರೆ ಅಥವಾ ಮಾತೇ ಇಲ್ಲದಿದ್ದರೆ ನಿಮ್ಮ ಕೈಯಲ್ಲಿರುವುದು ಸರಿಯಾದ ಪ್ರತಿ ಅಲ್ಲ. ಅಮೆರಿಕದ ಡಿಸ್ಕ್ ಕಂಪನಿ ಕ್ರೈಟೀರಿಯನ್ 2012ರಲ್ಲಿ ತಂದ ಡಿಸ್ಕ್ ಬಣ್ಣ, ಮಾತು ಎರಡನ್ನೂ ಉಳಿಸಿಕೊಂಡಿದೆ, ಜೊತೆಗೆ ಫೆಯೊಶ್‌ನ ಇನ್ನೆರಡು ಚಿತ್ರಗಳೂ ಅದರಲ್ಲಿವೆ.

‘ಲಕ್ಕಿ ಸ್ಟಾರ್’ ಮತ್ತು ‘ಸಿಟಿ ಗರ್ಲ್’

ಇವೆರಡನ್ನೂ ಒಟ್ಟಿಗೆ ತೂಗಬೇಕು. ಎರಡೂ ಫಾಕ್ಸ್ ಕಂಪನಿಯವು, ಎರಡರಲ್ಲೂ ಚಾರ್ಲ್ಸ್ ಫ್ಯಾರೆಲ್ ನಾಯಕ, ಎರಡೂ ಅರೆ ಟಾಕಿಗಳಾಗಿ ತೆರೆಕಂಡವು, ಎರಡರ ಮಾತಿನ ಆವೃತ್ತಿಯೂ ಕಳೆದುಹೋಗಿ ಮೂಕ ಆವೃತ್ತಿ ಮಾತ್ರ ಉಳಿದಿದೆ. ‘ಲೋನ್ಸಮ್’ನ ಮಾತಿನ ದೃಶ್ಯಗಳನ್ನು ನೋಡಿದವರಿಗೆ ಇದು ನಷ್ಟ ಎನಿಸದು.

1929ರ ‘ಲಕ್ಕಿ ಸ್ಟಾರ್’ ಬೋರ್ಜೇಗಿಯದು. ಇಲ್ಲವೇ ಇಲ್ಲ ಎಂದುಕೊಂಡಿದ್ದಾಗ ನೆದರ್ಲೆಂಡ್ಸಿನ ಚಿತ್ರಸಂಗ್ರಹಾಲಯದಲ್ಲಿ ಇದರ ಮೂಕ ಪ್ರಿಂಟು ಸಿಕ್ಕಿತು, 1990ರಲ್ಲಿ ಇಟಲಿಯ ಪೊರ್ಡೆನೋನೆ ಉತ್ಸವದಲ್ಲಿ ಜನ ಮತ್ತೆ ನೋಡಿದರು. ಯುದ್ಧದಲ್ಲಿ ಕಾಲಿನ ಶಕ್ತಿ ಕಳೆದುಕೊಂಡು ಗಾಲಿಕುರ್ಚಿ ಹಿಡಿದವನ ಮನೆಗೆ ಕೊಳಕು ಬಟ್ಟೆಯ ಹಳ್ಳಿಹುಡುಗಿ ಬಂದುಹೋಗುತ್ತಾಳೆ. ಅವನು ಮೊಟ್ಟೆ ಒಡೆದು ಅವಳ ತಲೆ ತೊಳೆಯುವ ದೃಶ್ಯದಲ್ಲಿರುವಷ್ಟು ಪ್ರೀತಿ ಎಷ್ಟೋ ಚಿತ್ರಗಳ ಕೊನೆಯ ಅಪ್ಪುಗೆಯಲ್ಲಿಲ್ಲ. ಪ್ರೇಮವೊಂದೇ ಮುಖ್ಯ, ಚರಿತ್ರೆ ಬೇಡ ಎನ್ನುವವರು ‘ಸನ್‌ರೈಸ್’ ಬಿಟ್ಟು ನೇರವಾಗಿ ಇಲ್ಲಿಗೆ ಬರಬಹುದು. ಕೊನೆಯ ಭಾಗವನ್ನು ನಂಬುವುದು ಕೆಲವರಿಗೆ ಕಷ್ಟವಾಗುತ್ತದೆ. ಹಳ್ಳಿ, ಹಿಮ ಎಲ್ಲವೂ ಸ್ಟುಡಿಯೋದೊಳಗೆ ಕಟ್ಟಿದ್ದು, ಆ ಲೋಕವೇ ಕನಸಿನದು ಎಂದು ಮೊದಲೇ ಒಪ್ಪಿಕೊಂಡು ಕೂತರೆ ತೊಡಕಾಗದು.

1930ರ ‘ಸಿಟಿ ಗರ್ಲ್’ ಮುರ್ನೌನದು. ಗೋಧಿ ಮಾರಲು ಶಿಕಾಗೋಗೆ ಹೋದ ರೈತನ ಮಗ, ಅಪ್ಪ ಹೇಳಿದ್ದಕ್ಕಿಂತ ಕಡಿಮೆ ಬೆಲೆಗೆ ಮಾರಿ, ಹೋಟೆಲಿನಲ್ಲಿ ಊಟ ಬಡಿಸುವ ಹುಡುಗಿಯನ್ನು ಮದುವೆಯಾಗಿ ಊರಿಗೆ ಬರುತ್ತಾನೆ. ಇಬ್ಬರೂ ಗೋಧಿ ಹೊಲದ ನಡುವೆ ಓಡುವ ದೃಶ್ಯ ತೆರೆದ ಬಯಲಿನದು, ಕ್ಯಾಮೆರಾವೂ ಅವರ ಜೊತೆ ಓಡುತ್ತದೆ. ಮಾವನ ಸಿಟ್ಟು, ಸೊಸೆಗೆ ಬೀಳುವ ಏಟು, ಕಟಾವಿಗೆ ಬಂದ ಆಳುಗಳ ಕೆಟ್ಟ ಕಣ್ಣು, ಕೊಯ್ಲಿಗೆ ನಿಂತ ಪೈರಿನ ಮೇಲೆ ಆಲಿಕಲ್ಲಿನ ಭಯ: ಬೇಸಾಯದ ಮನೆಯವರಿಗೆ ಇದರ ಒಂದೊಂದು ಚಿಂತೆಯೂ ಗೊತ್ತಿರುವುದೇ. ಮಾತಿನ ಆವೃತ್ತಿಗೆ ಸೇರಿಸಿದ ದೃಶ್ಯಗಳು ಮುರ್ನೌನವಲ್ಲ, ಅಷ್ಟರಲ್ಲಿ ಅವನು ಕಂಪನಿ ಬಿಟ್ಟಿದ್ದ. ಉಳಿದಿರುವ ಮೂಕ ಆವೃತ್ತಿಯೇ ಅವನ ಮನಸ್ಸಿಗೆ ಹತ್ತಿರದ್ದು. ‘ಸನ್‌ರೈಸ್’ನಷ್ಟು ಚಮತ್ಕಾರ ಇದರಲ್ಲಿಲ್ಲ, ಅದೇ ಕಾರಣಕ್ಕೆ ಹೆಚ್ಚು ಜನಕ್ಕೆ ಹಿಡಿಸುತ್ತದೆ.

ಸಂಗೀತ ಹೊಸದಾದ್ದರಿಂದ ಒಂದೇ ಚಿತ್ರಕ್ಕೆ ಬೇರೆ ಬೇರೆ ಡಿಸ್ಕಿನಲ್ಲಿ ಬೇರೆ ಸಂಗೀತ ಇರಬಹುದು. ಹಿಡಿಸದಿದ್ದರೆ ಈ ಎರಡಕ್ಕೆ ಮಾತ್ರ ಶಬ್ದ ನಿಲ್ಲಿಸಿ ನಿಮ್ಮದೇ ಕೊಳಲನ್ನೋ ಪಿಯಾನೋವನ್ನೋ ಹಾಕಿಕೊಳ್ಳಬಹುದು, ಏನೂ ಅಪಚಾರವಿಲ್ಲ.

ನಮ್ಮ ಕಡೆಯದು ಬೇಕೆನ್ನುವವರಿಗೆ

ಕನ್ನಡದ ಮೊದಲ ಟಾಕಿ ‘ಸತಿ ಸುಲೋಚನಾ’ 1934ರ ಮಾರ್ಚ್ 3ರಂದು ತೆರೆಕಂಡಿತು. ಅದರ ಪ್ರಿಂಟು ಉಳಿದಿಲ್ಲ. ಭಾರತದ ನೆಲದಲ್ಲಿ ತೆಗೆದ, ಇದೇ ಕಾಲದ, ಇವತ್ತು ಒಳ್ಳೆಯ ಸ್ಥಿತಿಯಲ್ಲಿ ನೋಡಲು ಸಿಗುವ ಪ್ರೇಮಕಥೆ ಎಂದರೆ 1929ರ ‘ಎ ಥ್ರೋ ಆಫ್ ಡೈಸ್’, ಅಂದರೆ ‘ಪ್ರಪಂಚ ಪಾಶ’. ನಿರ್ದೇಶನ ಫ್ರಾಂಜ್ ಓಸ್ಟೆನ್, ತೆರೆಯ ಮೇಲೆ ಹಿಮಾಂಶು ರಾಯ್, ಸೀತಾದೇವಿ, ಚಾರು ರಾಯ್. ಇಬ್ಬರು ರಾಜರು, ಒಬ್ಬ ಋಷಿಯ ಮಗಳು, ಮಹಾಭಾರತದ ನೆರಳಿನ ಒಂದು ಪಗಡೆಯಾಟ. ಸುಮಾರು 75 ನಿಮಿಷ, ಪೂರ್ತಿ ಮೂಕ. ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟ್ ಸರಿಪಡಿಸಿದ ಪ್ರತಿಗೆ ನಿತಿನ್ ಸಾಹ್ನಿ ಸಂಗೀತ ಮಾಡಿದ್ದಾರೆ. ಮಕ್ಕಳೂ ಅಜ್ಜಿಯೂ ಒಟ್ಟಿಗೆ ಕೂರುವುದಾದರೆ ಇದೇ ಮೊದಲಿರಲಿ, ಆನೆ, ಕುದುರೆ, ಅರಮನೆಗಳು ಎಲ್ಲರನ್ನೂ ಹಿಡಿದು ಕೂರಿಸುತ್ತವೆ.

ಹಣ, ಡಿಸ್ಕ್, ಟಿವಿ

ಅಮೆರಿಕದ ಕಾನೂನಿನಲ್ಲಿ ಆ ಕಾಲದ ಚಿತ್ರಗಳ ಹಕ್ಕು 95 ವರ್ಷಕ್ಕೆ ಮುಗಿಯುತ್ತದೆ. 1927ರವು 2023ರ ಜನವರಿ 1ಕ್ಕೆ, 1928ರವು ಮರುವರ್ಷ, ಹೀಗೆ ಒಂದೊಂದಾಗಿ ಎಲ್ಲರ ಸ್ವತ್ತಾಗುತ್ತಿವೆ. ಆದ್ದರಿಂದ ಪುಕ್ಕಟೆ ಪ್ರತಿಗಳು ಧಾರಾಳ. ಆದರೆ ಹೊಸದಾಗಿ ಬರೆದ ಸಂಗೀತದ ಹಕ್ಕು ಬೇರೆ. ಚಿತ್ರ ಸಮಾಜದವರು ಹಾಲಿನಲ್ಲಿ ತೋರಿಸುವುದಾದರೆ ಡಿಸ್ಕ್ ತಂದವರ ಒಪ್ಪಿಗೆ ಕೇಳಬೇಕು.

ಖರ್ಚು ಮಾಡಲು ಮನಸ್ಸಿಲ್ಲದವರು ‘ಸಿಟಿ ಗರ್ಲ್’ ಅಥವಾ ‘ಲಕ್ಕಿ ಸ್ಟಾರ್’ಗೆ ಪುಕ್ಕಟೆ ಪ್ರತಿ ಹುಡುಕಬಹುದು, ಸಾಧಾರಣ ಪ್ರತಿಯಲ್ಲೂ ಇವು ಮುಕ್ಕಾಗುವುದು ಕಡಿಮೆ. ‘ಸನ್‌ರೈಸ್’ ಮತ್ತು ‘ಲೋನ್ಸಮ್’ಗೆ ಹಣ ಹಾಕುವುದು ಸಾರ್ಥಕ. ಒಂದರಲ್ಲಿ ಚೌಕಟ್ಟು ಮತ್ತು ಧ್ವನಿ, ಇನ್ನೊಂದರಲ್ಲಿ ಬಣ್ಣ, ಅಗ್ಗದ ಪ್ರತಿಯಲ್ಲಿ ಮೊದಲು ಕೆಡುವುದು ಇವೇ. ‘ಸನ್‌ರೈಸ್’ ಕೊಳ್ಳುವಾಗ ಎರಡೂ ಆವೃತ್ತಿ ಇರುವ ಬ್ಲೂ-ರೇ ನೋಡಿ ಕೊಳ್ಳಿ, ಬ್ರಿಟನ್ನಿನ ಮಾಸ್ಟರ್ಸ್ ಆಫ್ ಸಿನಿಮಾ ಡಿಸ್ಕಿನಲ್ಲಿ ಎರಡೂ ಇವೆ. ಫಾಕ್ಸ್ 2008ರಲ್ಲಿ ಮುರ್ನೌ, ಬೋರ್ಜೇಗಿ ಇಬ್ಬರ ಚಿತ್ರಗಳನ್ನು 12 ಡಿವಿಡಿಗಳ ಪೆಟ್ಟಿಗೆಯಾಗಿ ತಂದಿತ್ತು, ‘ಲೋನ್ಸಮ್’ ಬಿಟ್ಟು ಇಲ್ಲಿನ ನಾಲ್ಕೂ ಅಮೆರಿಕನ್ ಚಿತ್ರಗಳು ಅದರಲ್ಲಿವೆ. ಹಳೆಯ ಪ್ರತಿ ಕೈಗೆ ಬಂದರೆ ಬಿಡಬೇಡಿ. ಹೊರಗಿನಿಂದ ತರಿಸುವಾಗ ಸಾಗಣೆ, ಕಸ್ಟಮ್ಸ್ ಸುಂಕ ಸೇರಿಸಿ ಲೆಕ್ಕ ಹಾಕಿ. ಬ್ಲೂ-ರೇಯಲ್ಲಿ ಅಮೆರಿಕ ಎ ವಲಯ, ಬ್ರಿಟನ್ ಬಿ, ಭಾರತ ಸಿ. ಇಲ್ಲಿ ಕೊಂಡ ಪ್ಲೇಯರ್ ಎ ವಲಯಕ್ಕೆ ಬೀಗ ಹಾಕಿದ ಡಿಸ್ಕನ್ನು ಓದುವುದಿಲ್ಲ. ಡಿಸ್ಕ್ ಕೊಳ್ಳುವ ಮುಂಚೆ ಪ್ಲೇಯರ್ ಎಲ್ಲ ವಲಯದ್ದೇ ಎಂದು ಖಾತ್ರಿ ಮಾಡಿಕೊಳ್ಳಿ.

ಟಿವಿಯಲ್ಲಿ ಮೂರು ಸೆಟ್ಟಿಂಗ್ ಬದಲಿಸಬೇಕು. ಪಿಕ್ಚರ್ ಸೈಜ್ ಹಿಗ್ಗಿಸುವ ಮೋಡಿನಲ್ಲಿದ್ದರೆ ತೆಗೆಯಿರಿ. 43 ಇಂಚಿನ ಟಿವಿಯ ಅಗಲ ಸುಮಾರು 95 ಸೆಂಟಿಮೀಟರ್, ಅದರಲ್ಲಿ ಮೂವಿಟೋನ್ ‘ಸನ್‌ರೈಸ್’ ತುಂಬಬೇಕಾದ್ದು ನಡುವಿನ 64 ಸೆಂಟಿಮೀಟರ್ ಮಾತ್ರ. ಎಡಬಲದ ಕಪ್ಪು ಪಟ್ಟಿ ಇರಬೇಕಾದದ್ದೇ. ಮೋಷನ್ ಸ್ಮೂದಿಂಗ್ ಆಫ್ ಮಾಡಿ, ಇಲ್ಲದಿದ್ದರೆ ಟಿವಿ ತಾನೇ ನಡುವೆ ಫ್ರೇಮುಗಳನ್ನು ಹುಟ್ಟಿಸಿ ಒಂದರ ಮೇಲೊಂದು ಬಿಂಬ ಬೆರೆಸಿದ ದೃಶ್ಯಗಳನ್ನು ಕಲಸಿಬಿಡುತ್ತದೆ. ಶಬ್ದದಲ್ಲಿ ಸರೌಂಡ್ ಆಫ್ ಇರಲಿ. ಮೂವಿಟೋನ್ ಒಂದೇ ಚಾನೆಲ್ಲಿನ ಧ್ವನಿ, ಹಿಸ್ಸೆನ್ನುವ ಸದ್ದು ಹೆಚ್ಚೆನಿಸಿದರೆ ಟ್ರೆಬಲ್ ಒಂದೆರಡು ಗೆರೆ ಇಳಿಸಿ. ತೀರ ಇಳಿಸಿದರೆ ಆ ಬಿರುಗಾಳಿಯ ಕೊಂಬಿನ ಕೂಗೂ ಮಬ್ಬಾಗುತ್ತದೆ.